ಅಪ್ಪನ ತ್ರೀ ನಾಟ್ ತ್ರೀ ಮೇಲೆ ಅಮೆರಿಕದ ಮುದ್ರೆ

ಓದುಗರ ಪ್ರಶ್ನೆ, ಹಳೇ ಆರ್ಮರರ್ ಉತ್ತರ

ಪ್ರಶ್ನೆ: ನಮ್ಮ ಅಪ್ಪ ಮೀಸಲು ಪೊಲೀಸ್ ಪಡೆಯಲ್ಲಿದ್ದರು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ತಾವು ಹಿಡಿಯುತ್ತಿದ್ದ ತ್ರೀ ನಾಟ್ ತ್ರೀ ಮೇಲೆ ‘ಯು.ಎಸ್. ಪ್ರಾಪರ್ಟಿ’ ಅಂತ ಕೊರೆದಿತ್ತು ಎಂದು ಅವರು ಎಷ್ಟೋ ಸಲ ಹೇಳಿದ್ದರು. ಮೊನ್ನೆ ಅವರ ವರ್ಷದ ತಿಥಿಯ ದಿನ ಈ ಮಾತು ಬಂತು. ನಮ್ಮ ಚಿಕ್ಕಪ್ಪನ ಮಗ, ‘ತ್ರೀ ನಾಟ್ ತ್ರೀ ಬ್ರಿಟಿಷರದ್ದು, ಅಮೆರಿಕದ ಹೆಸರು ಎಲ್ಲಿಂದ ಬರುತ್ತೆ, ದೊಡ್ಡಪ್ಪ ಸುಮ್ನೆ ಹೇಳ್ತಿದ್ರು’ ಅಂದ. ಎಲ್ಲರೂ ನಕ್ಕರು. ಅಪ್ಪ ಸುಳ್ಳು ಹೇಳುವವರಲ್ಲ. ನಿಜ ಏನು?
— ಓದುಗರು, ಹೊಳಲ್ಕೆರೆ

ಉತ್ತರ: ನಿಮ್ಮ ಅಪ್ಪ ಹೇಳಿದ್ದು ನಿಜ. ಅಂಥ ರೈಫಲ್ಲನ್ನು ನಾನೇ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಜೋಡಿಸಿದ್ದೇನೆ.

ಸೇನೆಯ ಯಂತ್ರ, ಆಯುಧಗಳ ರಿಪೇರಿ ವಿಭಾಗವಾದ ಇ.ಎಂ.ಇ.ಯಲ್ಲಿ ನಾನು 24 ವರ್ಷ ಆರ್ಮರರ್ ಆಗಿದ್ದೆ. ಆರ್ಮರರ್ ಅಂದ್ರೆ ಆಯುಧ ರಿಪೇರಿ ಮಾಡುವವನು. 1981ರಲ್ಲಿ ಒಂದು ಡಿಪೋದಲ್ಲಿ ಹಳೇ ರೈಫಲ್‌ಗಳ ತಪಾಸಣೆಗೆ ನಮ್ಮನ್ನು ಕಳಿಸಿದ್ದರು. ಗ್ರೀಸು ಮೆತ್ತಿ ಕಪ್ಪಾಗಿದ್ದ ಒಂದು ರೈಫಲ್ ತೆಗೆದುಕೊಂಡು, ಬಾಡಿಯ ಎಡಗಡೆ ಚಿಂದಿ ಬಟ್ಟೆಯಿಂದ ಒರೆಸಿದೆ. ಮೊದಲು ಒಂದು ‘ಯು’ ಕಾಣಿಸಿತು. ಇನ್ನೆರಡು ಸಲ ಒರೆಸಿದ ಮೇಲೆ ಪೂರ್ತಿ ಸಾಲು ಎದ್ದು ಬಂತು. ನಿಮ್ಮ ಚಿಕ್ಕಪ್ಪನ ಮಗ ಕೇಳಿದ್ದನ್ನೇ ಅವತ್ತು ನಾನೂ ಕೇಳಿದ್ದೆ. ಅವನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಗೊತ್ತಿಲ್ಲದವರಿಗೆ ಇದು ನಂಬುವ ಮಾತಲ್ಲ.

ಆದದ್ದು ಹೀಗೆ. 1940ರಲ್ಲಿ ಬ್ರಿಟಿಷ್ ಸೈನ್ಯ ಫ್ರಾನ್ಸಿನ ಡಂಕರ್ಕ್ ದಡದಿಂದ ಹಡಗು ಹತ್ತಿ ಜೀವ ಉಳಿಸಿಕೊಂಡು ಬಂತು. ಫಿರಂಗಿ, ಲಾರಿ, ಆಯುಧ ರಾಶಿ ರಾಶಿ ಅಲ್ಲೇ ಉಳಿದವು. ಅದೇ ವರ್ಷ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಬಿ.ಎಸ್.ಎ. ಕಾರ್ಖಾನೆಯ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕಿದವು. ರಾತ್ರಿ ಪಾಳಿಯ 53 ಕಾರ್ಮಿಕರು ಸತ್ತರು. ರೈಫಲ್ ಮಾಡುವ ಕಾರ್ಖಾನೆ ಅದು. ಸ್ವಂತ ಕಾರ್ಖಾನೆಗಳನ್ನೇ ನಂಬಿ ಕೂತರೆ ಆಗುವುದಿಲ್ಲ ಅನ್ನುವುದು ಖಚಿತವಾಯಿತು. ತಮ್ಮ ‘ನಂಬರ್ 4’ ಮಾದರಿಯ ರೈಫಲ್ಲನ್ನು ಬ್ರಿಟಿಷರು ಹೊರಗೂ ಮಾಡಿಸಿದರು. ಕೆನಡಾದ ಲಾಂಗ್ ಬ್ರಾಂಚ್‌ನಲ್ಲಿ ಒಂದು ಕಾರ್ಖಾನೆ. ಅಮೆರಿಕದಲ್ಲಿ ಸ್ಯಾವೇಜ್ ಕಂಪನಿ. ಮ್ಯಾಸಚೂಸೆಟ್ಸ್ ರಾಜ್ಯದ ಚಿಕಪೀ ಫಾಲ್ಸ್ ಅನ್ನುವ ಊರಿನಲ್ಲಿ ಸ್ಯಾವೇಜ್‌ನವರು 10 ಲಕ್ಷಕ್ಕೂ ಜಾಸ್ತಿ ರೈಫಲ್ ಮಾಡಿಕೊಟ್ಟರು. ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮುದ್ರೆ ಯಾಕೆ? 1941ರ ಮಾರ್ಚ್ 11ರಂದು ಅಮೆರಿಕದಲ್ಲಿ ಲೆಂಡ್-ಲೀಸ್ ಕಾನೂನು ಬಂತು. ದುಡ್ಡಿಲ್ಲದ ಮಿತ್ರದೇಶಕ್ಕೆ ಆಯುಧವನ್ನು ಎರವಲು ಕೊಡುವ ಕಾನೂನು. ಎರವಲು ಅಂದ ಮೇಲೆ ಯಜಮಾನ ಅಮೆರಿಕ ಸರ್ಕಾರವೇ. ಮದುವೆಗೆ ದೇವಸ್ಥಾನದಿಂದ ಕೊಳದಪ್ಪಲೆ ತರುತ್ತೇವಲ್ಲ, ಅದರ ಕಂಠದ ಮೇಲೆ ದೇವಸ್ಥಾನದ ಹೆಸರು ಕೊರೆದಿರುತ್ತದೆ. ಅನ್ನ ನಮ್ಮದು, ಊಟ ಮಾಡುವವರು ನಮ್ಮ ಬೀಗರು, ಪಾತ್ರೆ ಮಾತ್ರ ದೇವರದ್ದು. ಇಲ್ಲೂ ಹಾಗೇ. ನಕ್ಷೆ ಬ್ರಿಟಿಷರದ್ದು, ಹೊತ್ತವನು ಬ್ರಿಟಿಷ್ ಅಥವಾ ಭಾರತೀಯ ಸಿಪಾಯಿ, ಮುದ್ರೆ ಅಮೆರಿಕದ್ದು. ಯುದ್ಧ ಮುಗಿಯಿತು. ಪಾತ್ರೆ ವಾಪಸ್ ಹೋಗಲಿಲ್ಲ. ಸೈನ್ಯ ಬಿಟ್ಟದ್ದು ಪೊಲೀಸರ ಕೈಗೆ ಬಂತು.

ನಿಮ್ಮ ಅಪ್ಪ ರೈಫಲ್ ಹಿಡಿದು ನಿಂತ ಫೋಟೊ ಮನೆಯಲ್ಲಿ ಇರಬಹುದು. ಕವಾಯತಿನದ್ದೋ, ಗಾರ್ಡ್ ಡ್ಯೂಟಿಯದ್ದೋ. ಹುಡುಕಿ. ರೈಫಲ್ಲಿನ ಮೂತಿ ನೋಡಿ. ಮರ ಮುಗಿಯುವಲ್ಲೇ ಮೂತಿಯೂ ಮೊಂಡಾಗಿ ಮುಗಿದಿದ್ದರೆ ಅದು ಹಳೇ ನಂಬರ್ 1. ಪಶ್ಚಿಮ ಬಂಗಾಳದಲ್ಲಿರುವ ನಮ್ಮ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಮಾಡಿದ್ದು ಅದನ್ನೇ. ಮರದಿಂದಾಚೆ ಬ್ಯಾರೆಲ್ ಮೂರು ಬೆರಳಷ್ಟು ಚಾಚಿಕೊಂಡಿದ್ದರೆ ಅದು ನಂಬರ್ 4. ಅಮೆರಿಕದ ಮುದ್ರೆ ಇದ್ದದ್ದು ಇದರ ಮೇಲೆ. ಅಪ್ಪ ರೈಫಲ್ ನಂಬರ್ ಎಲ್ಲಾದರೂ ಬರೆದಿಟ್ಟಿದ್ದರೆ ಅದನ್ನೂ ನೋಡಿ. ಅಂಕಿಗಳ ನಡುವೆ ಇಂಗ್ಲಿಷಿನ ‘ಸಿ’ ಅಕ್ಷರ ಇದ್ದರೆ ಅದು ಚಿಕಪೀ ಫಾಲ್ಸ್. ‘ಎಲ್’ ಇದ್ದರೆ ಲಾಂಗ್ ಬ್ರಾಂಚ್. ಫೋಟೊ ಸಿಕ್ಕರೆ ಮುಂದಿನ ವರ್ಷದ ತಿಥಿಗೆ ಎಲ್ಲರ ಮುಂದೆ ಇಡಿ.

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಇ. ಎರಡನೇ ವರ್ಷ ಓದುತ್ತಿದ್ದೇನೆ. ವಿದೇಶಿ ಸಂಗ್ರಾಹಕರ ವಿಡಿಯೊ ನೋಡಿ ನೋಡಿ ಹುಚ್ಚು ಹಿಡಿದಿದೆ. ಬೇರೆ ದೇಶಕ್ಕೆ ಅಂತ ಕಾಂಟ್ರ್ಯಾಕ್ಟ್ ಮೇಲೆ ಮಾಡಿದ ಅಪರೂಪದ ಯುದ್ಧಕಾಲದ ರೈಫಲ್‌ಗಳನ್ನು ಗೋಡೆ ತುಂಬ ಇಟ್ಟಿರುತ್ತಾರೆ. ನಮ್ಮಲ್ಲೂ ಹೀಗೆ ಸಂಗ್ರಹ ಮಾಡಬಹುದಾ? ಮೊದಲು ಯಾವುದು ಕೊಳ್ಳಲಿ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ರೈಫಲ್ ಕೊಳ್ಳಲು ಹೋಗಬೇಡ. .303 ಮತ್ತು ಅಂಥ ಸೈನ್ಯದ ಬೋರ್‌ಗಳು ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಬೋರ್ ಅಂದ್ರೆ ನಳಿಗೆಯ ತೂತಿನ ಅಳತೆ. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಲೈಸೆನ್ಸ್ ಅದಕ್ಕೆ ಅನ್ವಯಿಸುವುದಿಲ್ಲ. ಸಾಮಾನ್ಯ ಲೈಸೆನ್ಸ್ ಇದ್ದವರು ಕೂಡ 2019ರ ತಿದ್ದುಪಡಿ ಆದ ಮೇಲೆ ಎರಡಕ್ಕಿಂತ ಜಾಸ್ತಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶ ಇತ್ತು. ನಿಷೇಧಿತ ಆಯುಧ ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 7 ವರ್ಷ ಜೈಲು. ‘ಇದು ಹಳೇದು, ಕೆಟ್ಟಿದೆ, ಲೈಸೆನ್ಸ್ ಬೇಡ’ ಅಂತ ಯಾರಾದರೂ ಮಾರಲು ಬಂದರೆ ಆ ಕಡೆ ತಿರುಗಿಯೂ ನೋಡಬೇಡ. ರಿಪೇರಿ ಮಾಡಿದರೂ ಹಾರಲಾರದಂಥ ಬಂದೂಕಿಗೆ ಮಾತ್ರ ಕಾನೂನಿನಲ್ಲಿ ವಿನಾಯಿತಿ ಇದೆ. ಅದನ್ನು ತೀರ್ಮಾನಿಸುವುದು ಮಾರುವವನಲ್ಲ.

ಈ ಕಟ್ಟು ಇವತ್ತಿನದ್ದಲ್ಲ. ಸೈನ್ಯದ ತೋಟಾ ಜನರ ಬಂದೂಕಿಗೆ ಹೊಂದಬಾರದು ಅಂತ ಬ್ರಿಟಿಷರ ಕಾಲದಲ್ಲೇ ನಿಯಮ ಇತ್ತು. ಇಶಾಪುರದವರು ಇವತ್ತಿಗೂ ಜನರಿಗೆ ಸೈನ್ಯದ ತೋಟಾ ಹೊಂದದ .315 ರೈಫಲ್ ಮಾರುವುದು ಆ ಹಳೇ ನಿಯಮದ ಬಾಲವೇ.

ಹಾಗಂತ ನಿನ್ನ ಆಸೆಯನ್ನು ಮಡಚಿ ಇಡಬೇಕಾಗಿಲ್ಲ. ನನ್ನ ಹತ್ತಿರ ಒಂದೂ ರೈಫಲ್ ಇಲ್ಲ. ಆದರೆ 112 ಮುದ್ರೆಗಳ ಅಚ್ಚು ಇವೆ. ಬೆಣ್ಣೆ ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ತೆಗೆದವು. ಎರಡು ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಅಂಟಿಸಿದ್ದೇನೆ. ಪ್ರತಿಯೊಂದಕ್ಕೂ ಮೇಲಿನವರ ಅನುಮತಿ ಕೇಳಿ ತೆಗೆದದ್ದು. ಕಾಂಟ್ರ್ಯಾಕ್ಟ್ ರೈಫಲ್ಲಿನ ಜೀವ ಇರುವುದೇ ಮುದ್ರೆಯಲ್ಲಿ. ಮಾಡಿದವನೊಬ್ಬ, ಮಾಡಿಸಿದವನೊಬ್ಬ, ಕೊನೆಗೆ ಹೊತ್ತವನು ಇನ್ನೊಬ್ಬ. ಮೂವರೂ ಗುರುತು ಬಿಟ್ಟಿರುತ್ತಾರೆ. ಮುದ್ರೆ ಅಳಿಸಿದರೆ ಉಳಿಯುವುದು ನಾಲ್ಕು ಕಿಲೊ ಕಬ್ಬಿಣ ಮತ್ತು ಮರ.

ನೋಡಬೇಕು ಅನ್ನಿಸಿದರೆ ಬೆಂಗಳೂರಿನ ಎಂ.ಇ.ಜಿ. (ಸೇನೆಯ ಎಂಜಿನಿಯರ್ ದಳ) ಸೆಂಟರ್‌ನಲ್ಲಿ ಮ್ಯೂಸಿಯಂ ಇದೆ. ಮಡಿಕೇರಿಯ ‘ಸನ್ನಿ ಸೈಡ್’, ಅಂದರೆ ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ ಆಗಿದೆ. ರಜೆಯಲ್ಲಿ ಹೋಗಿ ಬಾ. ಒಂದು ಚಿಕ್ಕ ನೋಟ್‌ಬುಕ್ ಜೇಬಿನಲ್ಲಿರಲಿ. ಹಾಗೇ ನಿನ್ನ ಊರಿನಲ್ಲಿ ಯುದ್ಧಕ್ಕೆ ಹೋಗಿ ಬಂದವರ ಮನೆಗಳಿವೆಯಾ ವಿಚಾರಿಸು. ಫೋಟೊ, ಮೆಡಲ್, ಸರ್ವಿಸ್ ಪುಸ್ತಕ ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿರುತ್ತವೆ. ಅದನ್ನು ಮೊಬೈಲಿನಲ್ಲಿ ಸೆರೆ ಹಿಡಿದರೂ ಅದು ಸಂಗ್ರಹವೇ.

ಪ್ರಶ್ನೆ: ಒಂದು ಹಳೇ ಯುದ್ಧದ ರೈಫಲ್ ಫೋಟೊ ನೋಡಿದೆ. ಮುಂದಿನ ಮರದ ಸುತ್ತ ಅಂಗೈ ಅಗಲದ ಕೆಂಪು ಪಟ್ಟಿ ಇತ್ತು. ನಮ್ಮಲ್ಲಿ ಆಯುಧ ಪೂಜೆಗೆ ಕುಂಕುಮ ಹಚ್ಚುವ ಹಾಗೆ ಅದೂ ಏನಾದರೂ ಪೂಜೆಯ ಗುರುತಾ?
— ಓದುಗರು, ಚಳ್ಳಕೆರೆ

ಉತ್ತರ: ಅಲ್ಲ, ಅದು ಅಪಾಯದ ಗುರುತು. ಆ ಪಟ್ಟಿಯ ಹಿಂದೆ ಕಾಂಟ್ರ್ಯಾಕ್ಟಿನ ಕಥೆಯೇ ಇದೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅಮೆರಿಕದ ಮೂರು ಕಾರ್ಖಾನೆಗಳಲ್ಲಿ ‘ಪ್ಯಾಟರ್ನ್ 14’ ಅನ್ನುವ ರೈಫಲ್ ಮಾಡಿಸಿದರು. ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್. ಸುಮಾರು 12 ಲಕ್ಷ ಆದವು. ಹಾರಿಸುತ್ತಿದ್ದದ್ದು .303 ತೋಟಾ. 1917ರಲ್ಲಿ ಅಮೆರಿಕವೇ ಯುದ್ಧಕ್ಕಿಳಿಯಿತು. ಅವರಿಗೆ ತಮ್ಮದೇ ರೈಫಲ್ ಸಾಲಲಿಲ್ಲ. ಬ್ರಿಟಿಷರಿಗಾಗಿ ಹೂಡಿದ್ದ ಯಂತ್ರಗಳು ಸಿದ್ಧವಾಗಿ ನಿಂತಿದ್ದವು. ಅದೇ ರೈಫಲ್ಲನ್ನು ತಮ್ಮ .30 ತೋಟಾಕ್ಕೆ ಹೊಂದಿಸಿ, 20 ಲಕ್ಷಕ್ಕೂ ಜಾಸ್ತಿ ಮಾಡಿಕೊಂಡರು. ಹೆಸರು ‘ಎಂ 1917’.

1940ರಲ್ಲಿ ಬ್ರಿಟನ್ನಿಗೆ ಮತ್ತೆ ಕಷ್ಟ ಬಂದಾಗ ಅಮೆರಿಕ ಈ ಎಂ 1917ಗಳನ್ನು ಕಳಿಸಿತು. ಊರು ಕಾಯುವ ಹೋಂ ಗಾರ್ಡ್‌ನವರಿಗೆ ಇವನ್ನು ಹಂಚಿದರು. ಈಗ ತೊಂದರೆ ನೋಡಿ. ಹೊರಗಿನಿಂದ ಎರಡೂ ಒಂದೇ ಥರ. ಒಂದಕ್ಕೆ .303, ಇನ್ನೊಂದಕ್ಕೆ .30. ಕತ್ತಲಲ್ಲಿ, ಅವಸರದಲ್ಲಿ ತೋಟಾ ಅದಲು ಬದಲಾದರೆ? ಅದಕ್ಕೇ ಅಮೆರಿಕದ ತೋಟಾ ಬೇಕಾದ ರೈಫಲ್ಲಿಗೆ ಕೆಂಪು ಪಟ್ಟಿ ಬಳಿದರು. ಬಣ್ಣ ಮಾಸದೆ ಉಳಿದಿರುವ ಒಂದನ್ನು ನೋಡಿದರೆ, ಅದು ಯಾವ ವರ್ಷ ಯಾವ ದೇಶದಲ್ಲಿತ್ತು ಅಂತ ಕೈಗೆತ್ತಿಕೊಳ್ಳದೆಯೇ ಹೇಳಬಹುದು.

ಪ್ರಶ್ನೆ: ಅಜ್ಜನ ಕಾಲದ ಬಂದೂಕು ಅಟ್ಟದ ಮೇಲೆ ಸಿಕ್ಕಿದೆ. ಮರ ಕಪ್ಪಾಗಿದೆ, ಕಬ್ಬಿಣಕ್ಕೆ ತುಕ್ಕು. ಉಪ್ಪು ಕಾಗದ ಹಾಕಿ ಉಜ್ಜಿಸಿ, ವಾರ್ನಿಶ್ ಹೊಡೆಸಿ, ಈ ಸಲದ ಆಯುಧ ಪೂಜೆಗೆ ನಡುಮನೆಯಲ್ಲಿ ತೂಗುಹಾಕಬೇಕು ಅಂತಿದ್ದೇನೆ. ಸರಿನಾ?
— ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಎರಡೂ ಸರಿಯಲ್ಲ.

ಮೊದಲು ಅದನ್ನು ಮುಟ್ಟದೆ ಹಾಗೇ ಬಿಡಿ. ಒಳಗೆ ಮದ್ದು ತುಂಬಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಹಳೇ ಬಂದೂಕು ಖಾಲಿ ಇದೆ ಅಂತ ನಂಬಿ ಪ್ರಾಣ ಕಳಕೊಂಡವರಿದ್ದಾರೆ. ಮಕ್ಕಳನ್ನು ಅಟ್ಟಕ್ಕೆ ಬಿಡಬೇಡಿ. ಅಜ್ಜನ ಲೈಸೆನ್ಸ್ ಕಾಗದ ಇದ್ದರೆ ತೆಗೆದುಕೊಂಡು ಠಾಣೆಗೆ ಹೋಗಿ, ಇರುವ ವಿಷಯ ಇದ್ದ ಹಾಗೆ ಹೇಳಿ. ಬಂದೂಕು ಹೊತ್ತುಕೊಂಡು ಹೋಗಬೇಡಿ, ಅವರೇ ಬರಲಿ. ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳಲು ದಾರಿ ಇದೆ. ಮುಚ್ಚಿಟ್ಟರೆ ಮಾತ್ರ ಕಷ್ಟ.

ಉಪ್ಪು ಕಾಗದದ ವಿಷಯ ನನ್ನ ಹೊಟ್ಟೆಯೊಳಗಿನ ಸಂಕಟ. ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ವರ್ಕ್‌ಶಾಪ್‌ಗೆ ಹಳೇ ತ್ರೀ ನಾಟ್ ತ್ರೀಗಳ ಒಂದು ಲಾಟ್ ಬಂದಿತ್ತು. ಬಟ್‌ಗಳನ್ನು ಶುಚಿ ಮಾಡುವ ಕೆಲಸ ನನಗೆ. ಬಟ್ ಅಂದ್ರೆ ಹೆಗಲಿಗೆ ಒತ್ತಿ ಹಿಡಿಯುವ ಮರದ ಹಿಂಭಾಗ. ಒಡೆದ ಗಾಜಿನ ಚೂರಿನ ಅಂಚಿನಿಂದ ಮರ ಹೆರೆಯುತ್ತಿದ್ದೆವು. ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಬರುತ್ತದೆ. ಆಮೇಲೆ ಉಪ್ಪು ಕಾಗದ, ಆಮೇಲೆ ಅಗಸೆ ಎಣ್ಣೆ. ಸಂಜೆ ಹೊತ್ತಿಗೆ ಹನ್ನೊಂದು ಬಟ್ ಕನ್ನಡಿ ಥರ ಹೊಳೆಯುತ್ತಿದ್ದವು. ಉಸ್ತಾದರಿಗೆ ತೋರಿಸಿದೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ‘ಇಲ್ಲೇನಿತ್ತು?’ ಅಂದರು. ‘ಏನೋ ಕೊರೆದಿತ್ತು ಸಾಬ್, ಹೆರೆದು ತೆಗೆದೆ’ ಅಂದೆ. ಅವರು ಬೈಯಲಿಲ್ಲ. ಇನ್ನೂ ಹೆರೆಯದ ರಾಶಿಯಿಂದ ಒಂದು ಬಟ್ ಎತ್ತಿ ನನ್ನ ಕೈಗೆ ಕೊಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ‘ಸ್ಲಾಜ್’. ಪಕ್ಕದಲ್ಲಿ 42.

ಅದು ಸ್ಲ್ಯಾಜೆಂಜರ್ ಅಂತ ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಟೆನಿಸ್ ಬ್ಯಾಟ್ ಮಾಡುವ ಅದೇ ಕಂಪನಿ. ಆಸ್ಟ್ರೇಲಿಯದ ಲಿತ್ಗೋ ಕಾರ್ಖಾನೆ ರೈಫಲ್ ಮಾಡುತ್ತಿತ್ತು. ಮರದ ಕೆಲಸವನ್ನು ಯುದ್ಧಕಾಲದಲ್ಲಿ ಸ್ಲ್ಯಾಜೆಂಜರ್‌ನವರೂ ಮಾಡಿಕೊಟ್ಟರು. 1942ರಲ್ಲಿ ಅಲ್ಲಿ ಯಾರೋ ಒಬ್ಬ ಮರಗೆಲಸದವನು ಬ್ಯಾಟಿನ ಕೆಲಸ ಬಿಟ್ಟು ಬಟ್ ಕೆತ್ತಿ, ಮುದ್ರೆ ಒತ್ತಿ ಕಳಿಸಿದ್ದ. ನಾನು ಹೆರೆದ ಹನ್ನೊಂದರ ಮೇಲೆ ಏನಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಉಸ್ತಾದರು ಕೊಟ್ಟ ಆ ಬಟ್‌ನ ಅಚ್ಚೇ ನನ್ನ ಪುಸ್ತಕದ ಮೊದಲನೆಯದು. ಅವತ್ತು ರಾತ್ರಿಯೇ ತೆಗೆದೆ, ಮನೆಗೆ ಕಾಗದ ಬರೆಯುವ ಹಾಳೆಯ ಮೇಲೆ.

ಹಾಗಾಗಿ ಉಜ್ಜಬೇಡಿ. ಲೈಸೆನ್ಸ್ ಎಲ್ಲಾ ಸರಿಯಾದ ಮೇಲೆ ಒಣ ಬಟ್ಟೆ, ಒಂದು ಹನಿ ಎಣ್ಣೆ, ಅಷ್ಟೇ ಸಾಕು. ಮರದ ಕಪ್ಪು ಅಂದ್ರೆ ನಿಮ್ಮ ಅಜ್ಜನ ಅಂಗೈ ಬೆವರು. ವಾರ್ನಿಶ್ ಅಂಗಡಿಯಲ್ಲಿ ಸಿಗುತ್ತದೆ, ಅದು ಸಿಗುವುದಿಲ್ಲ.

ಪ್ರಶ್ನೆ: ಇಂಥ ಕಾಂಟ್ರ್ಯಾಕ್ಟ್ ರೈಫಲ್‌ಗಳಲ್ಲಿ ನೀವು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅಂದುಕೊಂಡದ್ದು ಯಾವುದು?
— ಓದುಗರು, ಹರಿಹರ

ಉತ್ತರ: ಅಮೆರಿಕದಲ್ಲಿ ಮಾಡಿದ ರಷ್ಯನ್ ರೈಫಲ್. ಮೋಸಿನ್-ನಾಗಾಂಟ್ 1891.

ಮೊದಲ ಯುದ್ಧದಲ್ಲಿ ರಷ್ಯಾದ ಜಾರ್ ದೊರೆಯ ಬಳಿ ಸಿಪಾಯಿಗಳಿದ್ದರು, ಎಲ್ಲರಿಗೂ ರೈಫಲ್ ಇರಲಿಲ್ಲ. 1915ರಲ್ಲಿ ಅಮೆರಿಕದ ರೆಮಿಂಗ್ಟನ್ ಮತ್ತು ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಕಂಪನಿಗಳಿಗೆ ಆರ್ಡರ್ ಹೋಯಿತು. ಎರಡೂ ಸೇರಿ 30 ಲಕ್ಷಕ್ಕೂ ಮೀರಿ. ವೆಸ್ಟಿಂಗ್‌ಹೌಸ್‌ನವರು ಈ ಕೆಲಸಕ್ಕೆ ಅಂತಲೇ ಒಂದು ಕಾರ್ಖಾನೆ ಕೊಂಡರು. ಎಲ್ಲಿ ಅಂತೀರಿ? ಅದೇ ಚಿಕಪೀ ಫಾಲ್ಸ್. ಹೊಳಲ್ಕೆರೆಯ ಓದುಗರ ಅಪ್ಪನ ರೈಫಲ್ ಹುಟ್ಟಿದ ಊರು. 1920ರಲ್ಲಿ ಅದು ಸ್ಯಾವೇಜ್‌ನವರ ಕೈಗೆ ಬಂತು. ಒಂದು ಯುದ್ಧದಲ್ಲಿ ರಷ್ಯಾಕ್ಕೆ, ಇನ್ನೊಂದರಲ್ಲಿ ಬ್ರಿಟನ್ನಿಗೆ. ಇದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ರೈಫಲ್ಲಿನ ಬ್ಯಾರೆಲ್ ಮೇಲೆ ಕಂಪನಿಯ ಹೆಸರು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಜಾರ್ ದೊರೆಯ ಎರಡು ತಲೆಯ ಹದ್ದು. ನಮ್ಮ ಗಂಡಭೇರುಂಡ ನೋಡಿದ ಕಣ್ಣಿಗೆ ಅದು ದೂರದ ನೆಂಟನ ಥರ ಕಾಣುತ್ತದೆ. ಗುರಿಯ ದೂರ ಹೊಂದಿಸುವ ಪಟ್ಟಿಯ ಮೇಲಿನ ಅಂಕಿಗಳು ಗಜವೂ ಅಲ್ಲ, ಮೀಟರೂ ಅಲ್ಲ. ‘ಅರ್ಶಿನ್’ ಅನ್ನುವ ರಷ್ಯನ್ ಅಳತೆ, ಸುಮಾರು 71 ಸೆಂಟಿಮೀಟರ್. ಅಮೆರಿಕದ ಕಾರ್ಮಿಕ ತಾನು ಎಂದೂ ಅಳೆಯದ ಅಳತೆಯನ್ನು ಲಕ್ಷ ಸಲ ಒತ್ತಿದ್ದಾನೆ.

1917ರಲ್ಲಿ ಜಾರ್ ದೊರೆ ಹೋದ. ಆ ವರ್ಷ ಮುಗಿಯುವುದರೊಳಗೆ ಬೋಲ್ಷೆವಿಕರು ಬಂದರು. ಆರ್ಡರ್ ಕೊಟ್ಟ ಸರ್ಕಾರವೇ ಇಲ್ಲ, ಕಾರ್ಖಾನೆ ತುಂಬ ಮಾಲು. ಕಂಪನಿಗಳು ಮುಳುಗಬಾರದು ಅಂತ ಅಮೆರಿಕ ಸರ್ಕಾರ ಸುಮಾರು 2.8 ಲಕ್ಷ ರೈಫಲ್ ತಾನೇ ಕೊಂಡಿತು. ಮುಂದಿನ ವರ್ಷ ಸುಮಾರು 5 ಸಾವಿರ ಅಮೆರಿಕನ್ ಸೈನಿಕರನ್ನು ಉತ್ತರ ರಷ್ಯಾದ ಆರ್ಕಾಂಜೆಲ್‌ಗೆ ಕಳಿಸಿದರು. ಆ ಹಿಮದಲ್ಲಿ ಅವರ ಹೆಗಲ ಮೇಲಿದ್ದದ್ದು ಇವೇ. ಅಮೆರಿಕದ ಹುಡುಗರು, ಅಮೆರಿಕದಲ್ಲಿ ಮಾಡಿದ ರಷ್ಯನ್ ರೈಫಲ್ ಹಿಡಿದು, ರಷ್ಯನ್ನರ ಮೇಲೆ ಹಾರಿಸಿದರು. ಇನ್ನಷ್ಟು ರೈಫಲ್ ಫಿನ್‌ಲ್ಯಾಂಡಿನ ಕೈ ಸೇರಿದವು. ಅವರು ಚಿಕ್ಕ ಚೌಕದೊಳಗೆ ‘ಎಸ್‌ಎ’ ಅಂತ ಒತ್ತಿಕೊಂಡರು. ಇಂಗ್ಲಿಷ್ ಹೆಸರು, ಜಾರ್ ದೊರೆಯ ಹದ್ದು, ಫಿನ್ನಿಷ್ ಚೌಕ, ಮೂರೂ ಒಂದೇ ಬ್ಯಾರೆಲ್ ಮೇಲೆ ಇರುವ ರೈಫಲ್‌ಗಳಿವೆ. ಅದರ ಒಂದು ಅಚ್ಚು ತೆಗೆಯಬೇಕು.

ಇನ್ನೆರಡನ್ನು ಹೇಳಿ ಮುಗಿಸುತ್ತೇನೆ. ಜಾನ್ಸನ್ 1941 ಅನ್ನುವ ರೈಫಲ್ಲನ್ನು ಡಚ್ಚರು ತಮ್ಮ ಈಸ್ಟ್ ಇಂಡೀಸ್‌ಗೆ, ಅಂದರೆ ಇವತ್ತಿನ ಇಂಡೋನೇಷ್ಯಾಕ್ಕೆ ಅಂತ ಅಮೆರಿಕದಲ್ಲಿ ಮಾಡಿಸಿದರು. 1942ರಲ್ಲಿ ಜಪಾನ್ ಆ ದ್ವೀಪಗಳನ್ನೇ ಹಿಡಿದುಕೊಂಡಿತು. ಉಳಿದ ಮಾಲಿನಲ್ಲಿ ಕೆಲವು ಅಮೆರಿಕದ ಮರೀನ್‌ಗಳ ಕೈ ಸೇರಿದವು. ಎರಡನೆಯದು ಜಪಾನಿನ ‘ಟೈಪ್ ಐ’. ನೌಕಾಪಡೆಗಾಗಿ 1938ರ ಹೊತ್ತಿಗೆ ಇಟಲಿಯಲ್ಲಿ ಮಾಡಿಸಿದ್ದು, ಸುಮಾರು 60 ಸಾವಿರ. ಜಪಾನಿನ ರೈಫಲ್ ಅಂದ್ರೆ ಮೇಲೆ ಸೇವಂತಿಗೆ ಹೂವಿನ ರಾಜಮುದ್ರೆ ಇರಬೇಕು. ಇದರ ಮೇಲೆ ಇಲ್ಲ. ಆ ಹೂವು ಇಲ್ಲದಿರುವುದರಿಂದಲೇ ಸಂಗ್ರಾಹಕರು ಅದನ್ನು ಗುರುತಿಸುತ್ತಾರೆ.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯ ಗಂಟೆ ಒಂದು ರೈಲು ಕಂಬಿಯ ತುಂಡು. ಅದರ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳ ಸಾಲಿದೆ, ಸುಣ್ಣ ಬಳಿದು ಬಳಿದು ಓದಲು ಬಾರದು. ನಿಮ್ಮ ಅಚ್ಚಿನ ವಿಧಾನದಿಂದ ಓದಬಹುದೇ?
— ಶಿಕ್ಷಕಿ, ಜಗಳೂರು ತಾಲ್ಲೂಕು

ಉತ್ತರ: ಖಂಡಿತ ಓದಬಹುದು ಮೇಡಂ. ಕಂಬಿಯೂ ಆ ಕಾಲದಲ್ಲಿ ಹಡಗಿನಲ್ಲಿ ಬರುತ್ತಿದ್ದ ಕಾಂಟ್ರ್ಯಾಕ್ಟ್ ಮಾಲೇ. ಅದರ ಮೇಲೂ ಮಾಡಿದ ಕಂಪನಿಯ ಹೆಸರು, ವರ್ಷ, ಎಷ್ಟೋ ಸಲ ತರಿಸಿಕೊಂಡ ರೈಲ್ವೆಯ ಅಕ್ಷರ ಇರುತ್ತವೆ.

ಸುಣ್ಣವನ್ನು ಕೆರೆಯಬೇಡಿ. ಒದ್ದೆ ಬಟ್ಟೆ ಅರ್ಧ ಗಂಟೆ ಸುತ್ತಿಡಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒಣಗಲು ಬಿಡಿ. ಬೆಣ್ಣೆ ಕಾಗದವನ್ನು ಎರಡೂ ತುದಿಗೆ ಟೇಪ್ ಹಾಕಿ ಬಿಗಿಯಾಗಿ ಕೂರಿಸಿ. 6ಬಿ ಪೆನ್ಸಿಲ್ಲಿನ ಮೊನೆಯಿಂದ ಬೇಡ, ಪಕ್ಕದಿಂದ ಒಂದೇ ದಿಕ್ಕಿಗೆ ಉಜ್ಜಿಸಿ. ರೈಫಲ್ ಮೇಲಿನ ಅಕ್ಷರ ಒಳಕ್ಕೆ ಒತ್ತಿದ್ದು, ಅದು ಕಾಗದದಲ್ಲಿ ಬೆಳ್ಳಗೆ ಬರುತ್ತದೆ. ಕಂಬಿಯದ್ದು ಉಬ್ಬಿದ ಅಕ್ಷರ, ಕಪ್ಪಗೆ ಬರುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಡಿ, ಅವರೇ ಕಂಡುಕೊಳ್ಳಲಿ.

ಸಾಲು ಪೂರ್ತಿ ಬಂದ ಮೇಲೆ ಕಾಗದದ ಹಿಂದೆ ಊರು, ತಾರೀಖು, ಉಜ್ಜಿದ ಮಗುವಿನ ಹೆಸರು ಬರೆಯಿಸಿ. ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿ. ಪುಸ್ತಕದಲ್ಲಿ 113ನೇ ಜಾಗ ಖಾಲಿ ಇಟ್ಟಿರುತ್ತೇನೆ.